ಇಪ್ಪತ್ತು ಎಂಬ ಗೆರೆ

ನಾನು ಬೆಳೆದದ್ದು ಹಲಸೂರಿನಲ್ಲಿ. ಕೆರೆಯ ದಂಡೆಗೆ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ. ಅದರಿಂದ ನಿವೃತ್ತರಾದ ಹವಾಲ್ದಾರರೊಬ್ಬರು ನಮ್ಮ ವಠಾರದಲ್ಲಿದ್ದರು. ಮಕ್ಕಳಿಗೆಲ್ಲ ಅವರು ತಾತ. ಸುರಂಗ ಸಿಡಿಸುವ ಕೆಲಸದಲ್ಲಿ ಅವರ ಎಡಕಿವಿ ಮಂದವಾಗಿತ್ತು. ಟ್ರಂಕಿನಿಂದ ವೈದ್ಯಕೀಯ ಮಂಡಳಿಯ ಕಾಗದ ತೆಗೆದು, "ನನ್ನ ಕಿವಿ ಎಷ್ಟು ಹೋಗಿದೆ ಅಂತ ಇದ್ರಲ್ಲಿ ಬರ್ದವ್ರೆ ನೋಡಪ್ಪ" ಎನ್ನುತ್ತಿದ್ದರು. ಬರೆದಿದ್ದದ್ದು: ಶೇ. 20.

ಸೈನಿಕನ ದೇಹಕ್ಕೂ ಈ ಊರಿಗೂ ಹಳೆಯ ನಂಟು. ಶ್ರೀರಂಗಪಟ್ಟಣದ ಹವೆ ಒಗ್ಗದೆ ಸೈನಿಕರು ಕಾಯಿಲೆ ಬಿದ್ದಾಗ, ಬ್ರಿಟಿಷರು 1809ರಲ್ಲಿ ಬೆಂಗಳೂರಿನಲ್ಲಿ ದಂಡು ಕಟ್ಟಿದರು. ಕಾಯಿಲೆಗೆ ಜಾಗ ಕಾರಣವೆಂದು ಅಂದು ಇಡೀ ಪಡೆಯೇ ಸ್ಥಳ ಬದಲಿಸಿತು. ಆದರೆ ಒಬ್ಬೊಬ್ಬನೇ ಸಿಪಾಯಿ 'ನನ್ನ ಕಾಯಿಲೆಗೆ ಸೇವೆಯೇ ಕಾರಣ' ಎಂದರೆ ನಂಬಿಸುವುದು ಸುಲಭವಿರಲಿಲ್ಲ.

ಅಂಗವೈಕಲ್ಯ ಪಿಂಚಣಿಗೆ ಎರಡು ಬಾಗಿಲು. ನ್ಯೂನತೆ ಸೇವೆಯಿಂದ ಬಂದಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು. ಅದರ ಪ್ರಮಾಣ ಶೇ. 20ಕ್ಕೆ ಕಡಿಮೆ ಇರಬಾರದು.

ಮೊದಲ ಬಾಗಿಲಿನಲ್ಲಿ ನಿಂತವರು ಧರಮ್‌ವೀರ್ ಸಿಂಗ್. 1985ರಲ್ಲಿ ಸೇನೆಯ ಸಿಗ್ನಲ್ಸ್ ವಿಭಾಗಕ್ಕೆ ಸೇರಿದ ಸಿಪಾಯಿ. ಸುಮಾರು ಒಂಬತ್ತು ವರ್ಷಗಳ ನಂತರ ಮೂರ್ಛೆರೋಗದ ಕಾರಣ ಹೊರಬಂದರು. ನ್ಯೂನತೆ ಶೇ. 20 ಎಂದು ಮಂಡಳಿ ಒಪ್ಪಿತು. ಆದರೆ ಅದು ದೇಹಪ್ರಕೃತಿಯದು, ಸೇವೆಯದಲ್ಲ ಎಂದಿತು. ಪಿಂಚಣಿ ಸಿಗಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತಿತು. ಸೇರುವಾಗ ತಪಾಸಣೆ ಮಾಡಿ ಆರೋಗ್ಯವಂತನೆಂದು ತೆಗೆದುಕೊಂಡ ಮೇಲೆ, ಕಾಯಿಲೆ ಸೇವೆಯಲ್ಲೇ ಬಂತೆಂದು ಭಾವಿಸಬೇಕು. ಅಲ್ಲವೆನ್ನುವ ಹೊಣೆ ಸರ್ಕಾರದ್ದು, ಮಂಡಳಿ ಕಾರಣ ಬರೆಯಬೇಕು.

ಎರಡನೆಯದು ಲೆಕ್ಕದ ಜಗಳ. ಮಂಡಳಿಯ ಅಂದಾಜು ನಿಖರವಾಗಿರಲಾರದೆಂದು ಐದನೇ ವೇತನ ಆಯೋಗದ ನಂತರ, 1996ರ ಜನವರಿ 1ರಿಂದ ಅನ್ವಯವಾಗುವಂತೆ, ಹೊಸ ಕ್ರಮ ಬಂತು: ಶೇ. 50ಕ್ಕಿಂತ ಕಡಿಮೆ ಇದ್ದರೆ 50, ಅಲ್ಲಿಂದ 75ರವರೆಗೆ 75, ಅದಕ್ಕೂ ಮೇಲೆ 100 ಎಂದು ಎಣಿಸುವುದು. ಆರನೇ ಆಯೋಗದ ನಂತರ ಪೂರ್ಣ ನ್ಯೂನತೆಗೆ ಸಿಗುವುದು ಕೊನೆಯ ವೇತನದ ಶೇ. 30. ವೇತನ 30,000 ರೂಪಾಯಿ ಇದ್ದವರಿಗೆ ಶೇ. 20ರಂತೆ 1,800, ಅದನ್ನು 50 ಎಂದು ಎಣಿಸಿದರೆ 4,500.

ಆದರೆ ಈ ಏರಿಕೆ, ನ್ಯೂನತೆಯ ಕಾರಣಕ್ಕೆ ಅವಧಿಗೆ ಮೊದಲೇ ಮನೆಗೆ ಕಳಿಸಲ್ಪಟ್ಟವರಿಗೆ ಮಾತ್ರ ಎಂದಿತು ಸರ್ಕಾರ. ಕುಂಟುತ್ತಲೋ ಕೇಳಿಸದೆಯೋ ಅವಧಿ ಪೂರೈಸಿದವರಿಗೆ ಇಲ್ಲ. ರಾಮ್ ಅವತಾರ್ ಪ್ರಕರಣವೂ ಸೇರಿದಂತೆ ಸರ್ಕಾರ ಸಲ್ಲಿಸಿದ್ದ ಹಲವು ಮೇಲ್ಮನವಿಗಳನ್ನು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ವಜಾ ಮಾಡಿತು. ಪಿಂಚಣಿ ಕೃಪೆಯಲ್ಲ, ದುಡಿದು ಗಳಿಸಿದ ಹಕ್ಕು ಎಂದು ಅದೇ ಕೋರ್ಟ್ 1982ರ ಡಿ.ಎಸ್. ನಕಾರಾ ತೀರ್ಪಿನಲ್ಲೇ ಹೇಳಿತ್ತು. ಹಕ್ಕೆಂದ ಮೇಲೂ ಅದರ ಲೆಕ್ಕಕ್ಕಾಗಿ ಮತ್ತೆ ಮೂರು ದಶಕ ಕೋರ್ಟು ಹತ್ತಬೇಕಾಯಿತು.

ತಾತ ಅವಧಿ ಮುಗಿಸಿಯೇ ಬಂದವರು. ತೀರ್ಪು ಬಂದಾಗ ಅವರಿರಲಿಲ್ಲ. ಬಾಕಿಗೆ ಅರ್ಜಿ ಬರೆಯೋಣವೆಂದು ಅಜ್ಜಿಯ ಹತ್ತಿರ ಕಾಗದ ಕೇಳಿದೆ. ಮಡಿಕೆಯಲ್ಲಿ ಸವೆದಿದ್ದರೂ ಇಪ್ಪತ್ತು ಕಾಣುತ್ತಿತ್ತು. ಎಲ್ಲ ವಿವರಿಸಿದ ಮೇಲೆ ಅಜ್ಜಿ ಕೇಳಿದರು: "ಹಂಗಾದ್ರೆ ಅವ್ರ ಕಿವಿ ಈಗ ಎಷ್ಟು ಹೋದಂಗಾಯ್ತು?"

"ಕಾಗದದಲ್ಲಿ ಅರ್ಧ, ಅಜ್ಜಿ" ಎಂದೆ.