ಮುತ್ತಮ್ಮನವರ ಮೊಕದ್ದಮೆ

ಸರಕಾರಿ ಉದ್ಯೋಗದಲ್ಲಿ ಪ್ರಜೆಗಳೆಲ್ಲರಿಗೂ ಸಮಾನಾವಕಾಶವುಂಟೆಂದು 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 16ನೆಯ ಅನುಚ್ಛೇದ ಸಾರಿತು. ಆದರೆ ಭಾರತೀಯ ವಿದೇಶಾಂಗ ಸೇವೆಯ 1961ರ ನಿಯಮಗಳನ್ನು ನೋಡಿ: ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರಕಾರದ ಲಿಖಿತ ಅನುಮತಿ ಪಡೆಯಬೇಕು, ಮದುವೆಯ ಬಳಿಕ, ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾದೀತೆಂದು ಸರಕಾರಕ್ಕೆ ತೋರಿದರೆ, ರಾಜೀನಾಮೆ ಕೊಡಬೇಕು. ಪುರುಷ ಅಧಿಕಾರಿಗೆ ಈ ಕಟ್ಟಳೆಯಿಲ್ಲ. ಅವನಿಗೆ ಸಂಸಾರವೇ ಇರದೆಂದು ನಿಯಮ ಬರೆದವರು ಭಾವಿಸಿದ್ದರೋ ಏನೋ!

ಕೊಡಗಿನ ಸಿ. ಬಿ. ಮುತ್ತಮ್ಮ 1949ರಲ್ಲಿ ಈ ಸೇವೆಗೆ ಸೇರಿದ ಮೊದಲ ಮಹಿಳೆ, ಹಂಗೆರಿಯಲ್ಲಿ ರಾಯಭಾರಿಯಾಗಿದ್ದವರು. ಅಂಥವರನ್ನೂ ಮೇಲಿನ ದರ್ಜೆಗೆ ಸಾಕಷ್ಟು ಅರ್ಹತೆಯಿಲ್ಲವೆಂದು ಕೈಬಿಡಲಾಯಿತು. ಇದು ತಾರತಮ್ಯದ ಫಲವೆಂದು ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಮೊಕದ್ದಮೆ ನಡೆಯುತ್ತಿರುವಾಗಲೇ ಬಡ್ತಿ ಬಂದಿತು. ಮದುವೆಯ ನಿಯಮ ರದ್ದಾಗಲಿದೆಯೆಂದೂ ಸರಕಾರ ತಿಳಿಸಿತು. ಹೀಗಾಗಿ 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಅರ್ಜಿಯನ್ನು ವಜಾ ಮಾಡಿತು.

ಕಾಗದದ ಮೇಲೆ ಇದು ಸೋಲು. ಆದರೆ ತೀರ್ಪನ್ನೇ ಓದಬೇಕು. ಸಂಸಾರದ ಚಿಂತೆ ಹೆಣ್ಣಿನ ದಕ್ಷತೆಯನ್ನು ಕುಂದಿಸುವುದಾದರೆ ಗಂಡಿನದನ್ನೂ ಕುಂದಿಸಬಾರದೇಕೆ ಎಂಬ ತರ್ಕ ಅಲ್ಲಿದೆ. ಕಿರಿಯರು ಮುಂದೆ ಹೋದದ್ದರಿಂದ ಆಕೆ ಕಳೆದುಕೊಂಡ ಜ್ಯೇಷ್ಠತೆಯನ್ನು ಮರುಪರಿಶೀಲಿಸಬೇಕೆಂದೂ, ಲಿಂಗಭೇದದ ಕಲೆ ಹತ್ತಿದ ಸೇವಾನಿಯಮಗಳನ್ನೆಲ್ಲ ತಿದ್ದಬೇಕೆಂದೂ ನ್ಯಾಯಾಲಯ ಸರಕಾರಕ್ಕೆ ಹೇಳಿತು. ಮುತ್ತಮ್ಮನವರು ನೆದರ್ಲೆಂಡ್ಸಿನ ರಾಯಭಾರಿಯಾಗಿದ್ದು 1982ರಲ್ಲಿ ನಿವೃತ್ತರಾದರು.