ನೇರಳೆ ಗೊತ್ತಿರುವ ನಾಲಿಗೆಗೆ ವೈನ್ ಹೊಸದಲ್ಲ

ಯಲಹಂಕ ದಾಟಿ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಹೋದರೆ ದ್ರಾಕ್ಷಿ ಚಪ್ಪರಗಳು ಇನ್ನೂ ಕಾಣುತ್ತವೆ. ಈ ಚಪ್ಪರಗಳ ಹಳೆಯ ಬಳ್ಳಿ ಬೆಂಗಳೂರು ಬ್ಲೂ. ಸುಮಾರು 150 ವರ್ಷಗಳಿಂದ ಇಲ್ಲಿನ ರೈತರು ಬೆಳೆಯುತ್ತಿರುವ ತಳಿ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು.

ಬೆಂಗಳೂರು ಬ್ಲೂ ಹಣ್ಣನ್ನು ಒತ್ತಿದರೆ ತಿರುಳು ಜಾರಿ ಬಾಯಿಗೆ ಬರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಇದು ಅಮೆರಿಕದ ಮೂಲದ ದ್ರಾಕ್ಷಿ ಬಳಗದ ಗುಣ. ಜ್ಯೂಸು, ಜಾಮ್, ಸಿಹಿ ಪೋರ್ಟ್ ವೈನ್‌ಗೆ ಇದು ಚೆನ್ನ. ಆದರೆ ಇದರ ಘಾಟು ವಾಸನೆ ಉಳಿದೆಲ್ಲ ರುಚಿಯನ್ನೂ ಮುಚ್ಚಿಬಿಡುತ್ತದೆ. ದುಬಾರಿ ಕೆಂಪು ವೈನ್ ಮಾಡುವವರು ಹುಡುಕುವುದು ಯುರೋಪಿನ ಬಳಗದ ದ್ರಾಕ್ಷಿಯನ್ನು.

ಈ ಎರಡು ಬಳಗಗಳನ್ನು ಬೆಸೆಯುವ ಕೆಲಸ ಯಲಹಂಕದ ಪಕ್ಕದಲ್ಲೇ ನಡೆದಿದೆ. ಹೆಸರಘಟ್ಟದಲ್ಲಿ 1967ರಲ್ಲಿ ಶುರುವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬೆಂಗಳೂರು ಬ್ಲೂ ಜೊತೆ ಬೇರೆ ತಳಿಗಳನ್ನು ಕೂಡಿಸಿ ಅರ್ಕಾ ಶ್ಯಾಮ್, ಅರ್ಕಾ ಹಂಸ್, ಅರ್ಕಾ ತೃಷ್ಣಾ ತಳಿಗಳನ್ನು ಕೊಟ್ಟಿತು. ವೈನ್‌ಗೂ ಆಗುವ ದ್ರಾಕ್ಷಿ ಇವು.

1988ರಲ್ಲಿ ಕನ್ವಲ್ ಗ್ರೋವರ್ ಎಂಬ ಉದ್ಯಮಿ ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ ಫ್ರಾನ್ಸ್‌ನ ಬಳ್ಳಿಗಳನ್ನು ನೆಡಿಸಿದರು. ಹಗಲು ಬಿಸಿಲು, ರಾತ್ರಿ ತಂಪು ಇರುವ ಎತ್ತರದ ಜಾಗ ಎಂಬುದೇ ಆಯ್ಕೆಗೆ ಕಾರಣ. 1990ರ ದಶಕದ ನಡುವೆ ಅಲ್ಲಿಗೆ ಸಲಹೆಗಾರರಾಗಿ ಬಂದವರು ಮಿಶೆಲ್ ರೋಲಾಂ. ಅವರು ಬೆಳೆದದ್ದು ಫ್ರಾನ್ಸ್‌ನ ಪೊಮೆರೋಲ್‌ನಲ್ಲಿ, ದ್ರಾಕ್ಷಿ ತೋಟದ ಮನೆಯಲ್ಲಿ. ಪೊಮೆರೋಲ್ ಅಂದರೆ ಮೆರ್ಲೋ ದ್ರಾಕ್ಷಿಯ ಸೀಮೆ.

ಮೆರ್ಲೋ ಹೆಸರಿನ ಹಿಂದೆ ಒಂದು ಕಪ್ಪು ಹಕ್ಕಿ ಇದೆ ಎನ್ನುತ್ತಾರೆ. ಫ್ರೆಂಚಿನಲ್ಲಿ ಆ ಹಕ್ಕಿ ‘ಮೆರ್ಲ್’. ಕ್ಯಾಬರ್ನೆ ದ್ರಾಕ್ಷಿಯ ವೈನ್ ಬಿಗಿ, ಮೆರ್ಲೋ ಮೆದು. ಅದಕ್ಕೇ ಎರಡನ್ನೂ ಬೆರೆಸುವ ರೂಢಿ. ದೊಡ್ಡಬಳ್ಳಾಪುರದ ಹೆಸರಾದ ಕೆಂಪು ವೈನ್ ‘ಲಾ ರಿಸರ್ವ್’ ಕೂಡ ಬೆರಕೆಯದೇ: ಕ್ಯಾಬರ್ನೆ ಸುವಿನ್ಯೋಂ ಮತ್ತು ಶಿರಾಜ್.

ಹಾಗಾದರೆ ಒಳ್ಳೆಯ ಮೆರ್ಲೋ ವೈನನ್ನು ಪರೀಕ್ಷಿಸುವುದು ಹೇಗೆ? ಲೋಟದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸುರಿಯುವುದಿಲ್ಲ. ಮೊದಲು ಬಣ್ಣ: ಹೊಸ ವೈನ್ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ, ಹಳತಾದಂತೆ ಅಂಚು ಇಟ್ಟಿಗೆ ಬಣ್ಣವಾಗುತ್ತದೆ. ಆಮೇಲೆ ಲೋಟ ತಿರುಗಿಸಿ ಮೂಸುವುದು: ಪ್ಲಮ್ ಹಣ್ಣು, ಚೆರ್ರಿ, ಓಕ್ ಪೀಪಾಯಿಯಲ್ಲಿ ಇಟ್ಟಿದ್ದರೆ ವೆನಿಲಾ. ಕೊನೆಗೆ ಒಂದು ಗುಟುಕು ಬಾಯಲ್ಲಿ ಆಡಿಸುವುದು. ಹುಳಿ ನಾಲಿಗೆಯಲ್ಲಿ ನೀರೂರಿಸುತ್ತದೆ. ಒಗರು ವಸಡನ್ನು ಹಿಡಿಯುತ್ತದೆ. ಈ ಒಗರು ಸಿಪ್ಪೆ ಮತ್ತು ಬೀಜದಿಂದ ಬರುವ ಟ್ಯಾನಿನ್. ನೇರಳೆ ಹಣ್ಣು, ಎಳೆ ಸೀಬೆಕಾಯಿ, ಅಡಿಕೆ ತಿಂದವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಮೆರ್ಲೋದ ಒಗರು ಮಾಗಿದ ನೇರಳೆಯದು, ದೋರೆಗಾಯಿಯದಲ್ಲ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೇ ಕೊನೆಯ ಪರೀಕ್ಷೆ. ವೃತ್ತಿಯಲ್ಲಿರುವವರು ನುಂಗುವುದೂ ಇಲ್ಲ, ಉಗಿಯುತ್ತಾರೆ. ಅಮಲಿಗೂ ರುಚಿ ನೋಡುವುದಕ್ಕೂ ಸಂಬಂಧವಿಲ್ಲ.

ಇದೆಲ್ಲ ಊರಿನವರಿಗೆ ಯಾಕೆ ಎಂದು ಕೇಳಬಹುದು. ಕುಡಿಯಿರಿ ಎಂದು ನಾವು ಹೇಳುತ್ತಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ನಾವೂ ನೋಡಿದ್ದೇವೆ. ನಮ್ಮ ಮಾತು ಬೆಲೆಯದು. ಮಂಡಿಯಲ್ಲಿ ದ್ರಾಕ್ಷಿಗೆ ತೂಕವೇ ಲೆಕ್ಕ. ವೈನ್ ದ್ರಾಕ್ಷಿಗೆ ರಸದ ಸಕ್ಕರೆ, ಹುಳಿ, ಸಿಪ್ಪೆಯ ಬಣ್ಣ, ಬೀಜದ ಮಾಗು ಎಲ್ಲವೂ ಲೆಕ್ಕ. ಬಳ್ಳಿಯಲ್ಲಿ ಗೊಂಚಲು ಕಡಿಮೆ ಮಾಡಿದರೆ ರುಚಿ ಗಟ್ಟಿಯಾಗುತ್ತದೆ, ಇಳುವರಿ ಇಳಿಯುತ್ತದೆ. ಆ ನಷ್ಟಕ್ಕೆ ತಕ್ಕ ಬೆಲೆ ಸಿಗದಿದ್ದರೆ ಪೆಟ್ಟು ರೈತನಿಗೇ.

ರಾಜ್ಯದಲ್ಲಿ 2007ರಲ್ಲಿ ವೈನ್ ನೀತಿ ಬಂತು, ವೈನ್ ಮಂಡಳಿಯೂ ಆಯಿತು. ಬೆಂಗಳೂರಲ್ಲಿ ವೈನ್ ಮೇಳಗಳು ನಡೆದವು. ಮೇಳದಲ್ಲಿ ಲೋಟ ತಿರುಗಿಸುವವರು ನಗರದವರು, ಬಳ್ಳಿ ಸವರುವವರು ನಮ್ಮವರು. ತಾನು ಬೆಳೆದ ಹಣ್ಣು ಲೋಟದಲ್ಲಿ ಏನಾಯಿತು ಎಂದು ತಿಳಿದಿರುವ ರೈತ, ಖರೀದಿಗೆ ಬಂದವರ ಎದುರು ತೂಕದ ಜೊತೆಗೆ ಗುಣದ ಮಾತನ್ನೂ ಆಡಬಲ್ಲ.