ಅಮಗಾಂವ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಂಚಿನ, ಅಲ್ಲ, ನಡುಗಾಡಿನ ಪುಟ್ಟ ಹಳ್ಳಿ; ಭೀಮಗಡ ವನ್ಯಜೀವಿ ಧಾಮದ ಪ್ರದೇಶದಲ್ಲಿದೆ. ಸುತ್ತ ಕಡಲಿಲ್ಲ, ಆದರೂ ಮಳೆಗಾಲದಲ್ಲಿ ಇದು ದ್ವೀಪವೇ. 2010ರಲ್ಲಿ ಇಲ್ಲಿ 10,068 ಮಿ.ಮೀ. ಮಳೆ ದಾಖಲಾಯಿತು, ಮಳೆಗೆ ಹೆಸರಾದ ಆಗುಂಬೆಯ ವಾರ್ಷಿಕ ಸರಾಸರಿಗಿಂತಲೂ ಹೆಚ್ಚು. ಹಳ್ಳ ಉಕ್ಕಿದರೆ ಕಾಲುಸಂಕವೊಂದೇ ದಾರಿ. ಜೂನ್‌ಗೆ ಮೊದಲೇ ಅಕ್ಕಿ, ಬೇಳೆ, ಒಣ ಸೌದೆ ಮನೆ ಸೇರಬೇಕು. 2024ರ ಜುಲೈಯಲ್ಲಿ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಮರದ ಗಳಗಳ ಡೋಲಿಯಲ್ಲಿ ಹೊತ್ತು, ಸುರಿಯುವ ಮಳೆಯಲ್ಲಿ ಕಾಡು ದಾಟಿಸಿದರು. ಮನೆಮಾತು ಹೆಚ್ಚಾಗಿ ಮರಾಠಿ. ಕಸುಬು ಭತ್ತದ ಬೇಸಾಯ ಮತ್ತು ದನಗಾವಲು. ಅರಣ್ಯ ಕಾನೂನಿನಿಂದಾಗಿ ಪಕ್ಕಾ ರಸ್ತೆ ಇಲ್ಲಿ ಸುಲಭದ ಮಾತಲ್ಲ. ಇದೇ ಧಾಮದ ತಳೇವಾಡಿಯ 27 ಕುಟುಂಬಗಳು 2025ರಲ್ಲಿ ಪರಿಹಾರ ಪಡೆದು ಕಾಡಿನಿಂದ ಹೊರಬರಲು ಒಪ್ಪಿದವು.